ಹಳೆಯ ಪಿಕಪ್ ಕೊಳ್ಳುವ ಮುನ್ನ: ಬಣ್ಣ ಆಮೇಲೆ, ಚೆಸ್ಸಿ ಮೊದಲು

ನಿಂಬೆ, ದ್ರಾಕ್ಷಿ, ಈರುಳ್ಳಿ ಬೆಳೆಯುವ ನಮ್ಮ ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಮಾಲು ಸಾಗಿಸಲು ಸ್ವಂತದ್ದೊಂದು ಪಿಕಪ್ ಇರಲೆಂದು ಬಯಸುವ ರೈತರು ಹೊಸ ಗಾಡಿಯ ಬೆಲೆ ಕೇಳಿ ಹಳೆಯದರ ಕಡೆಗೆ ಹೊರಳುವುದು ಸಹಜ. ಆದರೆ ಹೆಚ್ಚಿನವರು ಬಣ್ಣ ನೋಡಿ, ಎಂಜಿನ್ ಸದ್ದು ಕೇಳಿ ಅಲ್ಲೇ ಸಂಚಕಾರ ಕೊಟ್ಟುಬಿಡುತ್ತಾರೆ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಿಸಬಹುದು. ಬಾಗಿದ ಚೆಸ್ಸಿಯನ್ನಾಗಲಿ (ಇಡೀ ಗಾಡಿಯನ್ನು ಹೊರುವ ಕೆಳಗಿನ ಉಕ್ಕಿನ ಚೌಕಟ್ಟು), ತೊಡಕಿನ ಕಾಗದಪತ್ರವನ್ನಾಗಲಿ ನೇರ್ಪಡಿಸುವುದು ಬಹಳ ಕಷ್ಟ. ಪರೀಕ್ಷೆ ಆ ಎರಡರಿಂದಲೇ ಶುರುವಾಗಬೇಕು.

ಗಾಡಿ ನೋಡಲು ಹೊರಡುವ ಮುಂಚೆಯೇ ಅದರ ನಂಬರ್ ಪಡೆದು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ದಿನಾಂಕ, ವಿಮೆ ಹಾಗೂ ಫಿಟ್‌ನೆಸ್ ಅವಧಿಗಳನ್ನು ಪರಿಶೀಲಿಸಿ. ದಂಡದ ಚಲನ್‌ಗಳು ಬಾಕಿ ಇವೆಯೇ ಎಂದೂ ನೋಡಿ. ಸರಕು ವಾಹನಕ್ಕೆ 8 ವರ್ಷ ತುಂಬಿದ ಮೇಲೆ ಪ್ರತಿವರ್ಷ ಪಾಸಿಂಗ್ (ಫಿಟ್‌ನೆಸ್ ನವೀಕರಣ) ಮಾಡಿಸಬೇಕು ಎಂಬುದು ನೆನಪಿರಲಿ. ಆರ್‌ಸಿಯಲ್ಲಿ (ನೋಂದಣಿ ಪತ್ರ) ಸಾಲದ ನಮೂದಿದ್ದರೆ ಸಾಲ ಕೊಟ್ಟವರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆ ನಮೂದು ತೆಗೆಸಲು ಅವರು ಸಹಿ ಮಾಡಿದ ನಮೂನೆ 35 ಇಲ್ಲದೆ ಮುಂದಿನ ಮಾತೇ ಬೇಡ. ಸೋಲಾಪುರ, ಸಾಂಗ್ಲಿ ಕಡೆಯ ಎಂಎಚ್ (ಮಹಾರಾಷ್ಟ್ರ ನೋಂದಣಿಯ) ಗಾಡಿಗಳು ಅಗ್ಗವಾಗಿ ಕಂಡರೂ ಅವುಗಳಿಗೆ ಅಲ್ಲಿನ ಆರ್‌ಟಿಒದಿಂದ ನಮೂನೆ 28ರ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಬೇಕು. ಆ ಖರ್ಚನ್ನೂ ಬೆಲೆಗೆ ಕೂಡಿಸಿಯೇ ಹೋಲಿಸಿ.

ಗಾಡಿಯ ಬಳಿ ಹೋದಾಗ ಚೆಸ್ಸಿ ನಂಬರ್ ಕೊರೆದ ಜಾಗವನ್ನು ಬಟ್ಟೆಯಿಂದ ಒರೆಸಿ, ಮೇಲೊಂದು ತೆಳು ಹಾಳೆಯಿಟ್ಟು ಪೆನ್ಸಿಲ್ ತಿಕ್ಕಿ. ಮೂಡಿದ ಅಕ್ಷರ, ಅಂಕಿಗಳು ಆರ್‌ಸಿಯೊಂದಿಗೆ ಒಂದೊಂದೂ ತಾಳೆಯಾಗಬೇಕು. ಬಳಿಕ ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ ನೋಡಿ. ಕಲ್ಲು, ಉಸುಕು ಹೇರಿದ ಗಾಡಿಯ ಚೆಸ್ಸಿ ಕ್ಯಾಬಿನ್ನಿನ ಹಿಂಭಾಗದಲ್ಲಿ ಮತ್ತು ಸ್ಪ್ರಿಂಗ್ ಪಟ್ಟಿಗಳನ್ನು ಕೂಡಿಸಿದ ಕಡೆ ಬಿರುಕು ಬಿಡುತ್ತದೆ. ನಾನು ಕೊಂಡ ಮೊದಲ ಪಿಕಪ್‌ನಲ್ಲಿ ಅಂಥ ಬಿರುಕಿಗೆ ವೆಲ್ಡಿಂಗ್ ಮಾಡಿ ಮೇಲೆ ಹೊಸ ಕಪ್ಪು ಬಣ್ಣ ಬಳಿಯಲಾಗಿತ್ತು. ಎರಡೇ ತಿಂಗಳಲ್ಲಿ ಈರುಳ್ಳಿ ಚೀಲಗಳ ಭಾರಕ್ಕೆ ಅದು ಮತ್ತೆ ಬಾಯ್ಬಿಟ್ಟಿತು. ಉಳಿದೆಲ್ಲ ಕಡೆ ಧೂಳು, ತುಕ್ಕು ಇದ್ದು ಒಂದೇ ಒಂದು ಕಡೆ ಬಣ್ಣ ಹೊಳೆಯುತ್ತಿದ್ದರೆ ಅಲ್ಲಿ ಕೈಯಾಡಿಸಿ ನೋಡಲೇಬೇಕು. ಕ್ಯಾಬಿನ್ನಿಗೂ ಹಿಂದಿನ ಬಾಡಿಗೂ ನಡುವಿನ ಸಂದು ಮೇಲೆ ಕೆಳಗೆ ಒಂದೇ ಅಳತೆಯಲ್ಲಿ ಇಲ್ಲದಿದ್ದರೆ ಚೆಸ್ಸಿ ಬಾಗಿರುವ ಸಂಶಯವಿದೆ.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಪ್ರವಾಹ ಕಂಡ ಜಿಲ್ಲೆಗಳಿವು. ನದಿ ದಂಡೆಯ ಊರಿನ, ಆ ಪ್ರವಾಹಕ್ಕೂ ಮುಂಚಿನ ಗಾಡಿಯಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ನೀರಲ್ಲಿ ಮುಳುಗಿದ್ದ ಗಾಡಿಯಾದರೆ ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಕಲೆ, ಫ್ಯೂಸ್ ಪೆಟ್ಟಿಗೆಯ ಮೂಲೆಯಲ್ಲಿ ಒಣಗಿದ ರಾಡಿ ಉಳಿದಿರುತ್ತದೆ.

ಎಂಜಿನ್ ಪರೀಕ್ಷೆಗೆ ಮುಂಜಾನೆಯೇ ಹೋಗಿ, ಮಾರುವವರಿಗೆ ಗಾಡಿ ಮೊದಲೇ ಚಾಲೂ ಮಾಡಬಾರದೆಂದು ತಿಳಿಸಿರಿ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ನೀಲಿ ಹೊಗೆ ಆಯಿಲ್ ಸುಡುತ್ತಿರುವುದರ ಗುರುತು. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹಬೆ ಭುಸುಭುಸು ಉಕ್ಕುವುದಾದರೆ ಎಂಜಿನ್ನಿನ ಪಿಸ್ಟನ್ ರಿಂಗುಗಳು ಸವೆದಿರಬಹುದು. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಅದರಲ್ಲಿ ನೀರು ಸೇರಿದೆ. ಅಂಥ ಗಾಡಿ ಬೇಡ. ಓಡಿಸುವಾಗ ಸಾಧ್ಯವಾದರೆ ಒಂದಿಷ್ಟು ಭಾರ ಹೇರಿ, ಏರು ಹತ್ತಿಸಿ, ಗೇರ್ ತಾನಾಗಿ ಜಾರುತ್ತದೆಯೇ, ಬ್ರೇಕ್ ಹಾಕಿದಾಗ ಒಂದೇ ಬದಿಗೆ ಎಳೆಯುತ್ತದೆಯೇ ಗಮನಿಸಿ. ಟೈರಿನ ಪಕ್ಕದಲ್ಲಿ ಅಚ್ಚಾದ ಸಂಕೇತದ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷ. 2319 ಎಂದರೆ 2019ರ 23ನೇ ವಾರ.

ಈಗ ಬೆಲೆ. ಅದೇ ಮಾದರಿಯ, ಅದೇ ವರ್ಷದ ಮೂರ್ನಾಲ್ಕು ಗಾಡಿಗಳ ದರ ವಿಚಾರಿಸಿ, ಚೆನ್ನಾಗಿರುವ ಗಾಡಿಯ ದರವನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಅದು 3,20,000 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಮ್ಮ ಗ್ಯಾರೇಜಿನವರನ್ನು ಕೇಳಿ ಟೈರುಗಳಿಗೆ 28,000, ಕ್ಲಚ್ಚಿಗೆ 13,000, ಬ್ಯಾಟರಿಗೆ 7,000, ವಿಮೆ ಮತ್ತು ಪಾಸಿಂಗಿಗೆ 25,000 ಎಂದು ಲೆಕ್ಕ ಬಂದರೆ ಒಟ್ಟು 73,000 ಕಳೆದು 2,47,000 ಉಳಿಯುತ್ತದೆ. ಕಣ್ಣಿಗೆ ಬೀಳದ ದುರಸ್ತಿಗೆಂದು ಇನ್ನೂ 15,000 ತೆಗೆದಿಡಿ. ಹೀಗೆ ಬಂದ 2,32,000 ನಿಮ್ಮ ಕೊನೆಯ ಬೆಲೆ. ಲೆಕ್ಕದ ಹಾಳೆಯನ್ನು ಮಾರುವವರ ಮುಂದಿಟ್ಟು ಮಾತಾಡಿದರೆ ಅವರಿಗೂ ಅವಮಾನವೆನಿಸದು.

ಒಪ್ಪಂದವಾದ ಮೇಲೆ ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಮಾರುವವರ ಸಹಿ ಪಡೆಯದೆ ಪೂರ್ತಿ ಹಣ ಕೊಡಬೇಡಿ. ವಿಮೆಯನ್ನು 14 ದಿನಗಳಲ್ಲಿ ನಿಮ್ಮ ಹೆಸರಿಗೆ ಮಾಡಿಸಿ, ಆರ್‌ಸಿ ವರ್ಗಾವಣೆಗೆ 30 ದಿನಗಳೊಳಗೆ ಆರ್‌ಟಿಒಗೆ ಅರ್ಜಿ ಹಾಕಿ.