ಕಾಲು ನೋಡಬೇಡ, ಮೇಸ್ತ್ರಿ ಕೈ ನೋಡು

ಬ್ರೆಜಿಲಿನ ಸಾಲ್ವಡೋರ್‌ನಿಂದ ಮೊದಲ ಸಲ ವಾಪಸ್ ಬಂದಾಗ ನನ್ನ ಫೋನಿನಲ್ಲಿ 37 ಫೋಟೊ ಇದ್ದವು. ಎಲ್ಲದರಲ್ಲೂ ಯಾರದೋ ಕಾಲು ಆಕಾಶ ನೋಡುತ್ತಿತ್ತು. ಅದು ಕಪೊಯೆರಾ, ಕುಣಿತವೂ ಕಾದಾಟವೂ ಕೂಡಿದ ಬ್ರೆಜಿಲಿನ ಆಟ. ಕಪೊಯೆರಾ ಅಂದರೆ ಇಷ್ಟೇ ಅಂದುಕೊಂಡಿದ್ದೆ. ಗಾಳಿಗೆ ಒದೆಯೋದು, ಲಾಗ ಹಾಕೋದು, ಹಿಂದೆ ಒಂದು ತಂತಿಯ ಟಂಯ್ ಟಂಯ್.

ಆಫೀಸಿನವರು ಎರಡು ವರ್ಷಕ್ಕೆ ನನ್ನನ್ನು ಸಾವೊ ಪಾವ್ಲೊಗೆ ಕಳಿಸಿದ್ದರು. ರಜೆ ಸಿಕ್ಕಾಗ ಸಾಲ್ವಡೋರ್ ನೋಡಲು ಹೋಗಿದ್ದೆ. ಹಳೇ ಪೇಟೆ ಪೆಲೊರಿನ್ಯೊದ ಪಕ್ಕ ತೆರೇರೊ ದೆ ಜೆಸೂಸ್ ಅಂತ ಒಂದು ಚೌಕ ಇದೆ. ಅಲ್ಲಿ ಬಿಳಿ ಪ್ಯಾಂಟಿನ ಹುಡುಗರು ಸುತ್ತ ನಿಂತು ಆಡುತ್ತಿದ್ದರು. ನಾನು ಫೋನ್ ಎತ್ತಿದ ಕೂಡಲೇ ಒಬ್ಬ ಟೋಪಿ ಚಾಚಿದ. ಸಿಟ್ಟು ಬಂತು. ಐದು ರಿಯಾಲ್ ಹಾಕಿ, ಮುಖ ಗಂಟಿಕ್ಕಿಕೊಂಡು ಹೊರಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಕಾದ ಕಲ್ಲಿನ ಮೇಲೆ ಅಂಗೈ ಊರಿ ಆಡುವವರು ದುಡ್ಡು ಕೇಳದೆ ಇನ್ನೇನು ಕೇಳಬೇಕು?

ಸಾವೊ ಪಾವ್ಲೊದಲ್ಲಿ ಮನೆ ಹತ್ತಿರದ ಕಪೊಯೆರಾ ಕ್ಲಾಸಿಗೆ ಸೇರಿದ್ದು ಕಲೆಯ ಮೇಲಿನ ಪ್ರೀತಿಗೇನಲ್ಲ. ಸೊಂಟ ನೋಯುತ್ತಿತ್ತು, ಅಷ್ಟೇ. ಮೊದಲ ದಿನವೇ ಕಿವಿ ನೆಟ್ಟಗಾಯಿತು. ಗುರುವನ್ನು ಎಲ್ಲರೂ 'ಮೇಸ್ತ್ರಿ' ಅಂತ ಕರೆಯುತ್ತಿದ್ದರು! ಬರೆಯುವಾಗ ಮೆಸ್ತ್ರೆ, ಬಾಯಲ್ಲಿ ಮೇಸ್ತ್ರಿ. ನಮ್ಮ ಗಾರೆ ಮೇಸ್ತ್ರಿಯೂ ಇದೇ ಪೋರ್ಚುಗೀಸ್ ಪದದಿಂದ ಬಂದವನು. ಕೆಲಸವೂ ಹೆಚ್ಚುಕಮ್ಮಿ ಅದೇ. ಮೇಸ್ತ್ರಿ ತಾನು ಇಟ್ಟಿಗೆ ಎತ್ತುವುದು ಕಮ್ಮಿ. ಆದರೆ ಅವನ ಕಣ್ಣು ತಪ್ಪಿಸಿ ಒಂದು ಇಟ್ಟಿಗೆಯೂ ಕೂರುವುದಿಲ್ಲ.

ಜನ ನಿಂತ ಸುತ್ತಿಗೆ ಹೋಡಾ ಅನ್ನುತ್ತಾರೆ. ಕಾಗದದ ಮೇಲೆ ಅದು ರೋಡಾ. ಪದದ ಮೊದಲಿಗೆ ಬಂದ 'ರ'ವನ್ನು ಆ ಜನ 'ಹ' ಮಾಡಿಬಿಡುತ್ತಾರೆ. ಹೋಡಾದ ಒಂದು ಬದಿಯಲ್ಲಿ ಮೂರು ಬೆರಿಂಬಾವ್ ನಿಲ್ಲುತ್ತವೆ. ಒಂಟಿ ತಂತಿಯ ವಾದ್ಯ ಅದು. ನೋಡಲು ಬಿಲ್ಲಿನ ಹಾಗೆ. ಬಿರಿಬಾ ಮರದ ಕೋಲು, ಹಳೇ ಟೈರಿನೊಳಗಿಂದ ಕಿತ್ತ ಉಕ್ಕಿನ ತಂತಿ, ಕೆಳಗೆ ಒಣಗಿದ ಸೋರೆಬುರುಡೆ. ಇಡೀ ಭಾರ ಕೂರುವುದು ಕಿರುಬೆರಳ ಮೇಲೆ. ಮೊದಲ ವಾರ ನನ್ನದು ಊದಿಕೊಂಡು ಆಫೀಸಿನಲ್ಲಿ ಟೈಪ್ ಮಾಡಲೂ ಆಗುತ್ತಿರಲಿಲ್ಲ.

ತಂತಿಯನ್ನು ಕಡ್ಡಿಯಿಂದ ಬಡಿಯುತ್ತಾರೆ. ಅದಕ್ಕೆ ಕಲ್ಲು ಗಟ್ಟಿಯಾಗಿ ಒತ್ತಿದರೆ ದನಿ ಏರುತ್ತದೆ. ಸುಮ್ನೆ ತಾಗಿಸಿದರೆ ಝುರ್ ಅಂತ ಕೆರೆಯುತ್ತದೆ. ಬಿಟ್ಟು ಬಡಿದರೆ ತುಂಬಿದ ಸದ್ದು. ಇರುವುದು ಈ ಮೂರೇ. ಇವನ್ನು ಹೇಗೆ ಹೊಂದಿಸಿ ಬಡಿಯುತ್ತಾರೋ ಹಾಗೆ ಆಟ. ಮೂರು ಬೆರಿಂಬಾವ್‌ಗಳಲ್ಲಿ ದಪ್ಪ ದನಿಯದಾದ ಗುಂಗಾ ಸಾಮಾನ್ಯವಾಗಿ ಮೇಸ್ತ್ರಿ ಕೈಯಲ್ಲಿರುತ್ತದೆ. ಅದು 'ಆಂಗೋಲ' ಅಂತ ನಿಧಾನ ನುಡಿಸಿದರೆ ಆಟಗಾರರು ನೆಲಕ್ಕೆ ಅಂಟಿಕೊಂಡು ಆಡಬೇಕು. ವೇಗ ಏರಿದರೆ ಮೈ ಮೇಲೇಳಬೇಕು. 'ಕವಲಾರಿಯಾ' ಅನ್ನೋ ಬಡಿತ ಕೇಳಿದರೆ ಒಂದು ಕಾಲದಲ್ಲಿ ಎಲ್ಲರೂ ಓಡುತ್ತಿದ್ದರಂತೆ. ಕುದುರೆ ಪೊಲೀಸರು ಬಂದರು ಅನ್ನುವುದಕ್ಕೆ ಅದು ಗುರುತು.

ಓಡಲೇಬೇಕಿತ್ತು. ಆಫ್ರಿಕಾದಿಂದ ಎಳೆದು ತಂದ ಗುಲಾಮರು ಕಟ್ಟಿದ ಆಟ ಇದು. 1888ರಲ್ಲಿ ಗುಲಾಮಗಿರಿ ರದ್ದಾಯಿತು. ಎರಡೇ ವರ್ಷಕ್ಕೆ, 1890ರ ಕಾನೂನು ಈ ಆಟವನ್ನೇ ಅಪರಾಧ ಮಾಡಿತು. ಬೀದಿಯಲ್ಲಿ ಆಡಿ ಸಿಕ್ಕಿಬಿದ್ದರೆ 2ರಿಂದ 6 ತಿಂಗಳು ಜೈಲು. ಬಿಂಬಾ ಮೇಸ್ತ್ರಿ 1930ರ ದಶಕದಲ್ಲಿ ಸಾಲ್ವಡೋರ್‌ನಲ್ಲಿ ಕಪೊಯೆರಾ ಶಾಲೆ ನಡೆಸಿ, 1937ರಲ್ಲಿ ಸರ್ಕಾರದ ಒಪ್ಪಿಗೆ ಪಡೆದರು. ಹಳೇ ಪದ್ಧತಿ ಬಿಡದ ಪಾಸ್ತಿನ್ಯಾ ಮೇಸ್ತ್ರಿ ಆಂಗೋಲ ಶೈಲಿಗೆ ದೊಡ್ಡ ಹೆಸರು. 1981ರಲ್ಲಿ ಅವರು ತೀರಿಕೊಂಡಾಗ ಕಣ್ಣೂ ಇರಲಿಲ್ಲ, ಕಾಸೂ ಇರಲಿಲ್ಲ. 2014ರಲ್ಲಿ ಯುನೆಸ್ಕೊ ಹೋಡಾವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಟೋಪಿ ಚಾಚಿದ ಹುಡುಗ ಮತ್ತೆ ನೆನಪಾದ.

ಎಂಟು ತಿಂಗಳಾದ ಮೇಲೆ ಫೆಬ್ರವರಿ 2ಕ್ಕೆ ಸರಿಯಾಗಿ ಮತ್ತೆ ಸಾಲ್ವಡೋರ್‌ಗೆ ಹೋದೆ. ಅವತ್ತು ರಿಯೊ ವೆರ್ಮೆಲ್ಯೊ ಕಡಲ ದಂಡೆಯಲ್ಲಿ ಸಮುದ್ರದ ತಾಯಿ ಇಯೆಮಾಂಜಾ ಹಬ್ಬ. ಬಿಳಿ ಬಟ್ಟೆಯ ಜನ ಹೂವಿನ ಬುಟ್ಟಿ ಹೊತ್ತು ದೋಣಿ ಕಡೆ ಹೋಗುತ್ತಿದ್ದರು. ಗಾಳಿಯಲ್ಲೆಲ್ಲ ತಾಳೆ ಎಣ್ಣೆಯಲ್ಲಿ ಕರಿಯುವ ಅಕರಜೆಯ ವಾಸನೆ. ಅಲಸಂದೆ ರುಬ್ಬಿ ಮಾಡುವ ವಡೆ ಅದು. ನಮ್ಮ ಅಲಸಂದೆ ವಡೆಯ ಅಕ್ಕ ಅನ್ನಬಹುದು, ಜಾಸ್ತಿ ಎಣ್ಣೆ ಕುಡಿದ ಅಕ್ಕ.

ಒಂದು ಸಂದಿಯಲ್ಲಿ ಹೋಡಾ ಕೂಡಿತ್ತು. ಫೋನ್ ಜೇಬಿನಲ್ಲೇ ಇಟ್ಟು ಮೇಸ್ತ್ರಿಯ ಎದುರಿಗೆ ನಿಂತೆ. ಕಾಲು ಬಿಟ್ಟು ಅವರ ಕೈ ನೋಡತೊಡಗಿದೆ.

ಗುಂಗಾದ ಬುಡದಲ್ಲಿ ಇಬ್ಬರು ಕುಕ್ಕರಗಾಲಲ್ಲಿ ಕೂತಿದ್ದರು. ಒಬ್ಬ ಉದ್ದನೆಯ ಹುಡುಗ. ಇನ್ನೊಬ್ಬರು ಹೊಟ್ಟೆ ಬಂದ, ಅರವತ್ತು ದಾಟಿದವರು. ಕೈ ಮುಟ್ಟಿ ಒಳಗೆ ಬಂದರು. ಹುಡುಗ ಸಾಲಾಗಿ ಎರಡು ಲಾಗ ಹಾಕಿದ. ಜನ ಹೋ ಎಂದರು. ಅಷ್ಟರಲ್ಲಿ ಮೇಸ್ತ್ರಿಯ ಕಡ್ಡಿ ನಿಧಾನವಾಯಿತು. ಕೋಲು ಒಂಚೂರು ಬಾಗಿತು. ಹುಡುಗನಿಗೆ ಅದು ಕೇಳಲೇ ಇಲ್ಲ. ಮುದುಕರಿಗೆ ಕೇಳಿತು. ಅವರು ಜಿಂಗಾ ಮಾಡುತ್ತಾ, ಅಂದರೆ ಕುಡಿದವರ ಹಾಗೆ ಅತ್ತಿತ್ತ ತೂಗುತ್ತಾ, ನಗುತ್ತಲೇ ಹತ್ತಿರ ಬಂದರು. ಹುಡುಗ ತಿರುಗಿ ಒದ್ದ. ಅವರು ಅದರಡಿ ಬಗ್ಗಿ, ಅವನು ಊರಿದ್ದ ಕಾಲಿನ ಹಿಮ್ಮಡಿಗೆ ತಮ್ಮ ಪಾದ ಕೊಕ್ಕೆ ಮಾಡಿ ಮೆಲ್ಲಗೆ ಎಳೆದರು. ಇದಕ್ಕೆ ಹಸ್ತೇರಾ ಅನ್ನುತ್ತಾರೆ. ಹುಡುಗ ಕೂತ ಭಂಗಿಯಲ್ಲೇ ನೆಲಕ್ಕೆ ಬಂದ. ಬೀಳುವ ಮೊದಲೇ ಮುದುಕರ ಇನ್ನೊಂದು ಕಾಲು ಅವನ ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿ ನಿಂತಿತ್ತು. ತಾಗಲಿಲ್ಲ. ತಾಗಿಸಬಹುದಿತ್ತು ಅಂತ ತೋರಿಸಿದರು, ಅಷ್ಟೇ. ನನ್ನ 37 ಫೋಟೊಗಳಲ್ಲಿ ಇಂಥದ್ದು ಒಂದೂ ಇರಲಿಲ್ಲ.

ಖುಷಿಗೆ ನಾನೂ ಚಪ್ಪಾಳೆ ಶುರು ಮಾಡಿದೆ. ಮೂರು ಹೊಡೆದು ಒಂದು ಬಿಡಬೇಕು. ಭಜನೆಗೆ ಪಳಗಿದ ಕೈ, ನಾಲ್ಕನೆಯದನ್ನೂ ಹೊಡೆದೇ ಹೊಡೆಯುತ್ತಿತ್ತು. ಪಕ್ಕದ ಹೆಂಗಸು ಪ್ರತಿ ನಾಲ್ಕನೆಯದಕ್ಕೂ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಬಿಡಲೇ ಇಲ್ಲ, ಕೈ ಕಲಿಯುವ ತನಕ.

ಆಟ ಮುಗಿದ ಮೇಲೆ ಮೇಸ್ತ್ರಿ ಕರೆದರು. ಟೋಪಿಗೆ ದುಡ್ಡು ಹಾಕಿ ಹತ್ತಿರ ಹೋದೆ. ನನ್ನ ಎಡಗೈ ತಿರುಗಿಸಿ ಕಿರುಬೆರಳಿನ ಗಂಟು ನೋಡಿದರು. "ಎಷ್ಟು ದಿನದಿಂದ?"

"ಎಂಟು ತಿಂಗಳು, ಮೇಸ್ತ್ರಿ."

ತಲೆಯಾಡಿಸಿದರು. ಬೆರಿಂಬಾವ್ ಕೊಡುತ್ತಾರೇನೋ ಅಂತ ಕೈ ಚಾಚಿದೆ. ಹಿಡಿದುಕೋ ಅಂತ ತಮ್ಮ ನೀರಿನ ಬಾಟಲಿ ಕೊಟ್ಟು ಮುಂದಿನ ಆಟಕ್ಕೆ ತಂತಿ ಬಿಗಿಯತೊಡಗಿದರು.