ಚೀನಾದಲ್ಲಿ ಉದ್ದ ರೈಲು ಪಯಣ ಮಾಡೋರಿಗೆ

ಶಾಂಘೈನಿಂದ ವಾಯವ್ಯ ಚೀನಾದ ಉರುಮ್ಚಿ ನಗರಕ್ಕೆ ಮಾಮೂಲಿ ರೈಲಿನಲ್ಲಿ ಸುಮಾರು 4,000 ಕಿ.ಮೀ. ಎರಡು ರಾತ್ರಿ ಬೋಗಿಯಲ್ಲೇ ಕಳೆಯಬೇಕು. ಅಗ್ಗದ ಮಲಗುವ ದರ್ಜೆಗೆ ಹಾರ್ಡ್ ಸ್ಲೀಪರ್ ಅಂತ ಹೆಸರು, ಕೇಳಿದ ತಕ್ಷಣ ಹೆದರಬೇಡಿ, ಹಾಸಿಗೆ, ದಿಂಬು, ಹೊದಿಕೆ ಎಲ್ಲಾ ಇರುತ್ತದೆ. ಒಂದೊಂದು ಕಡೆ ಮೂರು ಬರ್ತ್, ಬಾಗಿಲು ಇಲ್ಲ. ಕೆಳಗಿನದಕ್ಕೆ ದುಡ್ಡು ಸ್ವಲ್ಪ ಜಾಸ್ತಿ, ಆದರೂ ಅದನ್ನೇ ತೆಗೆದುಕೊಳ್ಳಿ. ತೀರಾ ಮೇಲಿನದರಲ್ಲಿ ನೆಟ್ಟಗೆ ಕೂರಲೂ ಆಗುವುದಿಲ್ಲ.

ಪ್ರತಿ ಬೋಗಿಯಲ್ಲೂ ಕುದಿಯುವ ನೀರಿನ ನಲ್ಲಿ ಇರುತ್ತದೆ. ಒಂದು ಸ್ಟೀಲ್ ಫ್ಲಾಸ್ಕ್, ನಾಲ್ಕು ಪ್ಯಾಕೆಟ್ ದಿಢೀರ್ ಉಪ್ಪಿಟ್ಟು ಇದ್ದರೆ ಸಸ್ಯಾಹಾರಿಗಳಿಗೆ ಚಿಂತೆಯಿಲ್ಲ. ಪಕ್ಕದವರು ನೂಡಲ್ಸ್ ಡಬ್ಬಿಗೆ ನೀರು ಹಿಡಿಯುತ್ತಿದ್ದರೆ, ನಾನು ಉಪ್ಪಿಟ್ಟು ನೆನೆಸುತ್ತಾ ನಿಂತಿದ್ದೆ!

ಹೋಟೆಲ್ ವಿಷಯಕ್ಕೆ ಬಂದರೆ, ಸ್ಟೇಷನ್‌ಗೆ ಇಳಿದ ಮೇಲೆ ಹುಡುಕೋಣ ಅಂದುಕೊಳ್ಳಬೇಡಿ. ದಾರಿಯಲ್ಲಿ ಲಾನ್‌ಝೌನಲ್ಲಿ ಇಳಿದಾಗ ರಾತ್ರಿ ಹನ್ನೊಂದಕ್ಕೆ ಒಂದು ಸಣ್ಣ ಲಾಡ್ಜಿನವರು ಪಾಸ್‌ಪೋರ್ಟ್ ನೋಡಿ ರೂಮ್ ಇಲ್ಲ ಅಂತ ಕೈ ಆಡಿಸಿಬಿಟ್ಟರು. ವಿದೇಶಿಯರು ತಂಗಿದರೆ ಪೊಲೀಸರಲ್ಲಿ ನೋಂದಾಯಿಸಬೇಕು, ಆ ಕೆಲಸ ಸಣ್ಣವರಿಗೆ ಬೇಡ. ಬುಕ್ ಮಾಡಿದ ಮೇಲೂ ವಿದೇಶಿಯರಿಗೆ ರೂಮ್ ಕೊಡುತ್ತೀರಾ ಅಂತ ಒಂದು ಮೆಸೇಜ್ ಹಾಕಿ. ವಿಳಾಸವನ್ನು ಚೀನೀ ಲಿಪಿಯಲ್ಲೇ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಟ್ಯಾಕ್ಸಿಯವರಿಗೆ ಇಂಗ್ಲಿಷ್ ಹೆಸರು ತೋರಿಸಿ ಏನೂ ಪ್ರಯೋಜನವಿಲ್ಲ. ಅಲ್ಲಿ ಫೋನಿನಲ್ಲೇ ದುಡ್ಡು ಕೊಡುವ ಆ್ಯಪ್ ಅಲಿಪೇಗೆ ನಿಮ್ಮ ಬ್ಯಾಂಕ್ ಕಾರ್ಡ್ ಜೋಡಿಸೋದನ್ನು ಮನೆಯಲ್ಲೇ ಮುಗಿಸಿ.