ಸಾತೊಡ್ಡಿ ಫಾಲ್ಸಿಗೆ ಹೋಗೂದು ಹ್ಯಾಂಗ್ರಿ?

ಹುಬ್ಬಳ್ಳಿ ಬಿಡೂದು ಮುಂಜಾನೆ ಆರಕ್ಕ, ಕಲಘಟಗಿ ಮ್ಯಾಲೆ ಯಲ್ಲಾಪುರ ಸುಮಾರು 70 ಕಿಮೀ, ಅಲ್ಲಿಂದ ಕಾಡಿನ ರಸ್ತೆದಾಗ ಇನ್ನೂ 30 ಚಿಲ್ಲರೆ, ಅದಕ್ಕ ಪೆಟ್ರೋಲು ಯಲ್ಲಾಪುರದಾಗ ತುಂಬಿಸ್ಕೊಂಬಿಡ್ರಿ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಇದ್ರ ಸಾಕು.

ಗಾಡಿ ಹಚ್ಚಿದ ಮ್ಯಾಲೆ ನಡಿಯೂದು ಭಾಳೇನಿಲ್ಲ, ಆದ್ರ ಮಳಿಗಾಲದಾಗ ಉಂಬಳದ (ರಕ್ತ ಹೀರೂ ಜಿಗಣಿ) ಕಾಟ ನೋಡ್ರಿ, ಪ್ಯಾಂಟ್ ಸಾಕ್ಸಿನೊಳಗ ತುರುಕ್ರಿ, ಹತ್ತಿದ್ರ ಜಗ್ಗಬ್ಯಾಡ್ರಿ, ಬಾಯಿ ಹತ್ರ ಉಗುರು ತೂರಿಸಿ ಸರಸಿದ್ರ ಬಿಡತೈತಿ, ರಕ್ತ ಜಲ್ದಿ ನಿಲ್ಲಂಗಿಲ್ಲ ಯಾಕಂದ್ರ ಅದರ ಜೊಲ್ಲಿನಾಗ ರಕ್ತ ಹೆಪ್ಪುಗಟ್ಟಿಸದ ಅಂಶ ಇರತೈತಿ, ಗಾಬರಿ ಆಗಬ್ಯಾಡ್ರಿ. (ನಮ್ಮ ತಮ್ಮ ಚಪ್ಪಲಿ ಮ್ಯಾಲೆ ಬಂದು ಏಳು ಎಣಿಸಿದ.)

ಫಾಲ್ಸ್ 15 ಮೀಟರ್ ಅಷ್ಟ, ಆದ್ರ ಅಗಲ ಚಂದ. ನನ್ನ ಕೇಳಿದ್ರ ಅಕ್ಟೋಬರ್-ನವೆಂಬರ್ ಬೆಸ್ಟ್. ಪಾಚಿಗಲ್ಲು ಹತ್ತಬ್ಯಾಡ್ರಿ, ನೀರು ಒಮ್ಮಿಗೇ ಕೆಂಪಾತಂದ್ರ ಮ್ಯಾಲೆ ಮಳಿ ಆಗೇತಿ ಅಂತ ತಿಳದು ದಂಡಿಗೆ ಬರ್ರಿ.